ಲಂಡನ್‌ನಲ್ಲಿ ತಿಂಗಳ ಖರ್ಚು ನಿಭಾಯಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಓದಲು ಅಥವಾ ಕೆಲಸಕ್ಕೆ ಲಂಡನ್‌ಗೆ ಹೊರಟವರು, ಬಂದು ಕೆಲವೇ ವಾರ ಆದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ. ಬೇರೆ ವರ್ಷ ಹೇಳದ ಕಡೆ ದರಗಳೆಲ್ಲ 2025ರ ಕೊನೆಯ ಹೊತ್ತಿನವು. ಪ್ರಯಾಣದ ದರ ಸಾಮಾನ್ಯವಾಗಿ ಮಾರ್ಚ್‌ನಲ್ಲೂ ಕೌನ್ಸಿಲ್ ಟ್ಯಾಕ್ಸ್ (ಮನೆಯಲ್ಲಿರುವವರು ಸ್ಥಳೀಯ ಆಡಳಿತಕ್ಕೆ ಕಟ್ಟುವ ತೆರಿಗೆ), ಕನಿಷ್ಠ ಕೂಲಿ ಮುಂತಾದವು ಏಪ್ರಿಲ್‌ನಲ್ಲೂ ಬದಲಾಗುತ್ತವೆ. ನೀವು ಓದುವ ಹೊತ್ತಿಗೆ ಒಮ್ಮೆ ತಾಳೆ ನೋಡಿಕೊಳ್ಳಿ. ಹೊಸಬರು ಅಕ್ಕಿ, ಬೇಳೆ, ತರಕಾರಿಯಲ್ಲಿ ಉಳಿಸಲು ತುಂಬ ಒದ್ದಾಡುತ್ತಾರೆ. ನಿಜವಾಗಿ ದುಡ್ಡು ಸೋರುವುದು ಬಾಡಿಗೆಯ ಕರಾರು, ಚಳಿಗಾಲದ ಹೀಟಿಂಗ್ ಮತ್ತು ಓಡಾಟದಲ್ಲಿ. ಹಾಗಾಗಿ ಆ ಮೂರಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇವೆ.

ಒಬ್ಬ ವಿದ್ಯಾರ್ಥಿಗೆ ತಿಂಗಳಿಗೆ ಎಷ್ಟು ಬೇಕು?

ಹಂಚಿಕೊಂಡ ಮನೆಯಲ್ಲಿ ಒಂದು ರೂಮು, ಮನೆಯಲ್ಲೇ ಅಡುಗೆ, ವಾರದಲ್ಲಿ ನಾಲ್ಕು ದಿನ ಕಾಲೇಜು ಎಂದು ಇಟ್ಟುಕೊಳ್ಳಿ. ಮಧ್ಯ ಲಂಡನ್‌ನಿಂದ ಸ್ವಲ್ಪ ಆಚೆ, ಮೂರನೆಯ ಅಥವಾ ನಾಲ್ಕನೆಯ ವಲಯದಲ್ಲಿ ವಾಸ (ಪ್ರಯಾಣ ದರಕ್ಕಾಗಿ ಲಂಡನ್ನನ್ನು ವಲಯಗಳಾಗಿ ವಿಂಗಡಿಸಿದ್ದಾರೆ, ನಟ್ಟನಡುವಿನದು ಒಂದನೆಯದು). ಬಾಡಿಗೆ 850 ಪೌಂಡ್, ಗ್ಯಾಸ್-ಕರೆಂಟು-ನೀರು-ಇಂಟರ್‌ನೆಟ್‌ನಲ್ಲಿ ನಿಮ್ಮ ಪಾಲು 70, ಓಡಾಟ 90, ದಿನಸಿ 180, ಫೋನು 10, ಸೋಪು-ಪುಡಿ-ಟಿಶ್ಯೂ ಇತ್ಯಾದಿ 25, ಹೊರಗಿನ ಊಟ-ಕಾಫಿ 80, ಎದುರು ನೋಡದ ಖರ್ಚಿಗೆ 60. ಒಟ್ಟು 1,365 ಪೌಂಡ್. ಇದು ಕೈ ಬಿಗಿ ಹಿಡಿದ ಲೆಕ್ಕವೂ ಅಲ್ಲ, ಧಾರಾಳದ ಲೆಕ್ಕವೂ ಅಲ್ಲ. ಒಳವಲಯದಲ್ಲಿ ಅಥವಾ ಖಾಸಗಿ ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಇರುವುದಾದರೆ ಬಾಡಿಗೆಯೊಂದೇ 1,100 ದಾಟುವುದು ಮಾಮೂಲು. ಆಗ ಉಳಿದ ಸಾಲುಗಳಲ್ಲಿ ಎಷ್ಟು ಹಿಂಡಿದರೂ ಆ ವ್ಯತ್ಯಾಸ ತುಂಬುವುದಿಲ್ಲ.

ವೀಸಾಗೆ ತೋರಿಸುವ ಹಣವೇ ಬಜೆಟ್ ಅಲ್ಲವೇ?

ಅಲ್ಲ. ಲಂಡನ್‌ನಲ್ಲಿ ಓದುವವರು ತಿಂಗಳಿಗೆ 1,529 ಪೌಂಡಿನಂತೆ ಗರಿಷ್ಠ 9 ತಿಂಗಳಿಗೆ, ಅಂದರೆ 13,761 ಪೌಂಡ್, ಖಾತೆಯಲ್ಲಿ ಸತತ 28 ದಿನ ಇದೆಯೆಂದು ತೋರಿಸಬೇಕು (2025ರ ನವೆಂಬರ್ 11ರಿಂದ ಬಂದ ಮೊತ್ತ). ಇದು ಅರ್ಜಿಗೆ ಬೇಕಾದ ಪುರಾವೆ, ಅಷ್ಟೇ. ಸ್ನಾತಕೋತ್ತರ ಕೋರ್ಸು ಸಾಮಾನ್ಯವಾಗಿ 12 ತಿಂಗಳದ್ದು. ಉಳಿದ ಮೂರು ತಿಂಗಳಿಗೂ ಬಾಡಿಗೆ ಕಟ್ಟಬೇಕು, ಊಟ ಮಾಡಬೇಕು. 12 ತಿಂಗಳಿಗೇ ಲೆಕ್ಕ ಹಾಕಿ.

ಮೊದಲ ತಿಂಗಳಿಗೆ ಕೈಯಲ್ಲಿ ಎಷ್ಟಿರಬೇಕು?

ತಿಂಗಳ ಖರ್ಚಿನ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಮೇಲಿನ ಉದಾಹರಣೆಗೆ ಸುಮಾರು 3,000 ಪೌಂಡ್.

ಡಿಪಾಸಿಟ್ ನಮ್ಮ ಬೆಂಗಳೂರಿನ ಅಡ್ವಾನ್ಸ್ ಇದ್ದ ಹಾಗೆ, ಆದರೆ ಇಲ್ಲಿ ಕಾನೂನಿನ ಮಿತಿ ಇದೆ: ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ತಿಂಗಳಿಗೆ 850 ಎಂದರೆ ವಾರಕ್ಕೆ ಸುಮಾರು 196, ಐದು ವಾರಕ್ಕೆ ಸುಮಾರು 980. ಮೊದಲ ತಿಂಗಳ ಬಾಡಿಗೆ ಸೇರಿ 1,830. ಮನೆ ಸಿಗುವ ತನಕ ಒಂದು ವಾರ ತಂಗುವ ಜಾಗ, ಹಾಸಿಗೆ, ದುವೆ (ದಪ್ಪ ಹೊದಿಕೆ), ಪಾತ್ರೆ, ಒಂದು ಒಳ್ಳೆಯ ಚಳಿಗಾಲದ ಕೋಟು, ಊಟ, ಓಡಾಟ ಇವೆಲ್ಲ ಸೇರಿ ಉಳಿದದ್ದು ಹೋಗುತ್ತದೆ. ರೂಮು ಕಾದಿರಿಸಲು ಒಂದು ವಾರದ ಬಾಡಿಗೆಯಷ್ಟು ಹಣ ಕೇಳಬಹುದು. ಅದನ್ನು ಸಾಮಾನ್ಯವಾಗಿ ಮೊದಲ ಬಾಡಿಗೆಯಲ್ಲೋ ಡಿಪಾಸಿಟ್‌ನಲ್ಲೋ ವಜಾ ಮಾಡುತ್ತಾರೆ. ಏಜೆಂಟ್ ಫೀಸು, ಕಾಗದಪತ್ರದ ಫೀಸು, ಪರಿಶೀಲನೆ ಫೀಸು ಎಂದು ಬಾಡಿಗೆದಾರರಿಂದ ವಸೂಲಿ ಮಾಡುವುದು 2019ರ ಜೂನ್ 1ರಿಂದ ನಿಷಿದ್ಧ. ಯಾರಾದರೂ ಕೇಳಿದರೆ ಅಲ್ಲಿಂದ ಹೊರಟುಬಿಡಿ. ರೂಮು ಕಣ್ಣಾರೆ ನೋಡದೆ, ಅಥವಾ ನಂಬಿಕಸ್ಥರೊಬ್ಬರಿಂದ ನೋಡಿಸದೆ, ಒಂದು ಪೌಂಡನ್ನೂ ಕಳಿಸಬೇಡಿ.

ಬಾಡಿಗೆ ವಾರಕ್ಕೆ 200 ಎಂದಿದೆ. ತಿಂಗಳಿಗೆ 800 ತಾನೇ?

ಇಲ್ಲ, 867. ವರ್ಷಕ್ಕೆ 52 ವಾರ. 200ನ್ನು 52ರಿಂದ ಗುಣಿಸಿ 12ರಿಂದ ಭಾಗಿಸಿ. ನಾಲ್ಕರಿಂದ ಗುಣಿಸಿದವರಿಗೆ ವರ್ಷದಲ್ಲಿ ಸುಮಾರು 800 ಪೌಂಡ್ ಕೊರತೆ ಬೀಳುತ್ತದೆ. ಜಾಹೀರಾತಿನಲ್ಲಿ ವಾರದ ದರವೋ ತಿಂಗಳ ದರವೋ ಎಂದು ಮೊದಲು ನೋಡಿ, ನಂತರ ಬಿಲ್ಲುಗಳು ಸೇರಿವೆಯೇ ಎಂದು ನೋಡಿ. ಬಿಲ್ಲು ಸೇರಿದೆ ಎಂದರೆ ಬಳಕೆಗೆ ಮಿತಿ ಇದೆಯೇ ಎಂದು ಕರಾರಿನಲ್ಲಿ ಹುಡುಕಿ. ಮಿತಿ ದಾಟಿದ್ದನ್ನು ವರ್ಷದ ಕೊನೆಗೆ ಡಿಪಾಸಿಟ್‌ನಲ್ಲಿ ಹಿಡಿಯುವ ಕರಾರುಗಳಿವೆ.

ಆರು ತಿಂಗಳ ಬಾಡಿಗೆ ಮುಂಗಡ ಕೇಳುತ್ತಿದ್ದಾರೆ. ಕೊಡಬೇಕೇ?

ಇಂಗ್ಲೆಂಡಿನಲ್ಲಿ ಜಾಮೀನು ನಿಲ್ಲುವವರು ಇಲ್ಲದ ವಿದೇಶಿ ವಿದ್ಯಾರ್ಥಿಗಳನ್ನು ಹೀಗೆ ಕೇಳುವುದು ಬಹುಕಾಲದ ರೂಢಿ. 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆಯಂತೆ 2026ರ ಮೇ 1ರಿಂದ ಸಾಮಾನ್ಯ ಖಾಸಗಿ ಬಾಡಿಗೆಯಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ದೊಡ್ಡ ವಿದ್ಯಾರ್ಥಿ ಹಾಸ್ಟೆಲುಗಳಿಗೂ ಮಾಲೀಕರ ಮನೆಯಲ್ಲೇ ಒಂದು ಕೋಣೆ ಹಿಡಿದವರಿಗೂ ನಿಯಮ ಬೇರೆ. ಮಾಲೀಕರ ಜೊತೆ ಇರುವವರ ಡಿಪಾಸಿಟ್‌ಗೆ ಕಾನೂನಿನ ರಕ್ಷಣೆಯೂ ಕಡಿಮೆ. ಉಳಿದವರ ಡಿಪಾಸಿಟನ್ನು ಮಾಲೀಕರು 30 ದಿನದೊಳಗೆ ಸರ್ಕಾರಿ ಮಾನ್ಯತೆಯ ಯೋಜನೆಯಲ್ಲಿ ಇಡಲೇಬೇಕು. ಹಾಗೆ ಇಟ್ಟಿದ್ದಕ್ಕೆ ಪತ್ರ ನಿಮ್ಮ ಕೈಗೆ ಬರಬೇಕು. ಬರದಿದ್ದರೆ ಇಮೇಲ್‌ನಲ್ಲಿ ಕೇಳಿ, ಬಾಯಿಮಾತಿನಲ್ಲಿ ಅಲ್ಲ.

ಮನೆಗೆ ಕಾಲಿಟ್ಟ ದಿನ ಸಾಮಾನು ಬಿಚ್ಚುವ ಮುಂಚೆ ಗೋಡೆ, ನೆಲಹಾಸು, ಹಾಸಿಗೆಯ ಎರಡೂ ಮಗ್ಗುಲು, ಓವನ್ನಿನ ಒಳಗು, ಕಿಟಕಿ ಅಂಚಿನ ಬೂಷ್ಟು, ಗ್ಯಾಸ್ ಮತ್ತು ಕರೆಂಟಿನ ಮೀಟರ್ ಎಲ್ಲದರ ಫೋಟೋ ತೆಗೆದು ಅಂದೇ ಏಜೆಂಟರಿಗೆ ಇಮೇಲ್ ಮಾಡಿ. ಹೊರಡುವ ದಿನ ಜಗಳವಾದರೆ ಈ ಒಂದು ಇಮೇಲೇ ನಿಮ್ಮ ಸಾಕ್ಷಿ.

ದೂರದಲ್ಲಿ ಅಗ್ಗದ ಮನೆ ಹಿಡಿಯುವುದು ಲಾಭವೇ?

ಬಾಡಿಗೆ ಮತ್ತು ಓಡಾಟವನ್ನು ಕೂಡಿಸಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಎರಡನೆಯ ವಲಯದಲ್ಲಿ 1,000 ಪೌಂಡಿನ ರೂಮು, ನಾಲ್ಕನೆಯ ವಲಯದಲ್ಲಿ 800ರದ್ದು ಎನ್ನೋಣ. ಒಂದನೆಯ ವಲಯಕ್ಕೆ ದಿನವೂ ಹೋಗಿಬರುವವರಿಗೆ ವಾರದ ಗರಿಷ್ಠ ಪ್ರಯಾಣ ದರ ಎರಡನೆಯ ವಲಯದಿಂದ 44.70, ನಾಲ್ಕನೆಯದರಿಂದ 64.20. ತಿಂಗಳಿಗೆ ಸುಮಾರು 84 ಪೌಂಡ್ ಹೆಚ್ಚು. ಬಾಡಿಗೆಯಲ್ಲಿ ಉಳಿದ 200ರಲ್ಲಿ 116 ಮಾತ್ರ ನಿಮ್ಮದು, ಅದಕ್ಕೆ ಬದಲಾಗಿ ದಿನಕ್ಕೆ ಒಂದು ಗಂಟೆಯಷ್ಟು ಸಮಯ ಹೋಗಬಹುದು.

ಆದರೆ ಎಲ್ಲರ ಕಾಲೇಜೂ ಮಧ್ಯ ಲಂಡನ್‌ನಲ್ಲಿಲ್ಲ. ಪೂರ್ವ ಲಂಡನ್‌ನ ಮೈಲ್ ಎಂಡ್‌ನಲ್ಲಿ ಓದುವವರು ಇಲ್‌ಫರ್ಡ್ ಅಥವಾ ಮ್ಯಾನರ್ ಪಾರ್ಕ್ ಕಡೆ ಇದ್ದರೆ 25ನೇ ನಂಬರ್ ಬಸ್ಸು ನೇರವಾಗಿ ಬಾಗಿಲಿಗೆ ತಂದು ಬಿಡುತ್ತದೆ, ದಿನಕ್ಕೆ 3.50 ಪೌಂಡಿನಲ್ಲಿ ಹೋಗಿಬರಬಹುದು. ಮೊದಲು ಕಾಲೇಜನ್ನೋ ಆಫೀಸನ್ನೋ ನಕ್ಷೆಯಲ್ಲಿ ಗುರುತಿಸಿ, ಅಲ್ಲಿ ನಿಲ್ಲುವ ಬಸ್ಸುಗಳ ದಾರಿ ಹಿಡಿದು ಹೊರಕ್ಕೆ ಹೋಗುತ್ತಾ ಮನೆ ಹುಡುಕಿ. ನಮ್ಮ ಅನುಭವದಲ್ಲಿ ಇದಕ್ಕಿಂತ ದೊಡ್ಡ ಉಳಿತಾಯ ಬೇರಿಲ್ಲ.

ಆಯ್‌ಸ್ಟರ್ ಕಾರ್ಡ್ ಬೇಕೇ, ಬ್ಯಾಂಕ್ ಕಾರ್ಡ್ ಸಾಕೇ?

ಆಯ್‌ಸ್ಟರ್ ಎಂದರೆ ಲಂಡನ್‌ನ ಬಸ್ಸು-ಟ್ರೈನುಗಳಿಗೆ ಹಣ ತುಂಬಿಸಿ ಬಳಸುವ ಪ್ರಯಾಣದ ಕಾರ್ಡು. ವಯಸ್ಕರ ಪೂರ್ತಿ ದರ ಕೊಡುವವರಿಗೆ ಬ್ಯಾಂಕ್ ಕಾರ್ಡ್ ಸಾಕು, ದರ ಒಂದೇ. ಬಸ್ಸಿನಲ್ಲಿ ನಗದು ನಡೆಯುವುದಿಲ್ಲ. ದಿನದ ಮಿತಿ ಮತ್ತು ಸೋಮವಾರದಿಂದ ಭಾನುವಾರದವರೆಗಿನ ವಾರದ ಮಿತಿ ತಾನಾಗಿ ಲೆಕ್ಕವಾಗುತ್ತದೆ. ಮಿತಿ ಮುಟ್ಟಿದ ಮೇಲೆ ಹಣ ಕಡಿತವಾಗುವುದಿಲ್ಲ.

ಇಲ್ಲಿ ಮೂರು ಕಡೆ ಎಡವುತ್ತಾರೆ. ಬೆಳಿಗ್ಗೆ ಕಾರ್ಡು, ಸಂಜೆ ಅದೇ ಕಾರ್ಡನ್ನು ಫೋನಿನಲ್ಲಿ ಬಳಸಿದರೆ ಯಂತ್ರಕ್ಕೆ ಅವು ಎರಡು ಬೇರೆ ಬೇರೆ ಕಾರ್ಡು. ಮಿತಿ ಎರಡರಲ್ಲೂ ಮುಟ್ಟುವುದಿಲ್ಲ. ಟ್ರೈನಿನಲ್ಲಿ ಹತ್ತುವಾಗಲೂ ಇಳಿಯುವಾಗಲೂ ತಾಗಿಸಬೇಕು, ಒಂದು ತಪ್ಪಿದರೆ ಗರಿಷ್ಠ ದರ ಬೀಳುತ್ತದೆ. ಬಸ್ಸಿನಲ್ಲಿ ಹತ್ತುವಾಗ ಮಾತ್ರ. ಮಧ್ಯ ಲಂಡನ್ ಮೂಲಕ ಹೋಗದೆ ಸುತ್ತಿ ಹೋಗುವಾಗ, ಬದಲಿಸುವ ನಿಲ್ದಾಣದಲ್ಲಿ ಗುಲಾಬಿ ಬಣ್ಣದ ಯಂತ್ರ ಕಂಡರೆ ಅದಕ್ಕೂ ತಾಗಿಸಿ, ಇಲ್ಲದಿದ್ದರೆ ನೀವು ಒಂದನೆಯ ವಲಯದ ಮೂಲಕ ಹೋದಿರೆಂದು ಲೆಕ್ಕ ಹಿಡಿಯಬಹುದು.

ಬಸ್ಸಿನ ಒಂದು ಪ್ರಯಾಣಕ್ಕೆ 1.75. ಮೊದಲ ಸಲ ತಾಗಿಸಿದ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿದರೂ ಅಷ್ಟೇ ದರ. ಹತ್ತಿರದ ಅಂಗಡಿಗೆ ಹೋಗಿ ಗಂಟೆಯೊಳಗೆ ಮರಳಿ ಬಸ್ಸು ಹತ್ತಿದರೆ ವಾಪಸಿನ ಪ್ರಯಾಣ ಪುಕ್ಕಟೆ. ಬಸ್ಸು ಮಾತ್ರ ಬಳಸಿದರೆ ದಿನಕ್ಕೆ 5.25, ವಾರಕ್ಕೆ 24.70 ಮೀರುವುದಿಲ್ಲ.

ವಿದ್ಯಾರ್ಥಿ ಕಾರ್ಡಿನಲ್ಲಿ ಶೇ. 30 ರಿಯಾಯಿತಿ ಎಂದರು, ಆದರೆ ನನ್ನ ದರ ಇಳಿಯಲೇ ಇಲ್ಲ. ಏಕೆ?

ಆ ರಿಯಾಯಿತಿ ವಾರದ, ತಿಂಗಳ ಪಾಸುಗಳಿಗೆ ಮಾತ್ರ, ಒಂದೊಂದೇ ಪ್ರಯಾಣಕ್ಕಲ್ಲ. ಒಂದನೆಯ ಮತ್ತು ಎರಡನೆಯ ವಲಯಗಳ ತಿಂಗಳ ಪಾಸು 171.70, ವಿದ್ಯಾರ್ಥಿಗೆ ಸುಮಾರು 120. ವಾರಕ್ಕೆ ನಾಲ್ಕೇ ದಿನ ಹೋಗಿಬರುವವರಿಗೆ ಪಾಸಿಲ್ಲದೆಯೂ ಸುಮಾರು 110 ಆಗುವುದರಿಂದ ಪಾಸು ನಷ್ಟ. ಐದಾರು ದಿನ ಓಡಾಡುವವರಿಗೆ ಲಾಭ.

ಬಹಳ ಜನ ಬಿಟ್ಟುಬಿಡುವ ದಾರಿ ಇನ್ನೊಂದಿದೆ: 16ರಿಂದ 25 ವಯಸ್ಸಿನವರ ರೈಲ್‌ಕಾರ್ಡ್, ವರ್ಷಕ್ಕೆ 35 ಪೌಂಡ್. 25 ದಾಟಿದ ಪೂರ್ಣಾವಧಿ ವಿದ್ಯಾರ್ಥಿಗಳೂ ಕೊಳ್ಳಬಹುದು. ಅದನ್ನು ಟ್ಯೂಬ್ (ಸುರಂಗ ರೈಲು) ನಿಲ್ದಾಣದ ಸಿಬ್ಬಂದಿಗೆ ತೋರಿಸಿ ಆಯ್‌ಸ್ಟರ್ ಕಾರ್ಡಿಗೆ ಜೋಡಿಸಿಕೊಂಡರೆ ದಟ್ಟಣೆ ಇಲ್ಲದ ಹೊತ್ತಿನ ಟ್ರೈನು ದರದಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಬ್ಯಾಂಕ್ ಕಾರ್ಡಿಗೆ, ಫೋನಿಗೆ ಜೋಡಿಸಲಾಗದು. ದಟ್ಟಣೆಯ ಹೊತ್ತು ಎಂದರೆ ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 6.30ರಿಂದ 9.30, ಸಂಜೆ 4ರಿಂದ 7. ಹತ್ತೂವರೆಯ ಕ್ಲಾಸಿಗೆ 9.31ಕ್ಕೆ ಕಾರ್ಡು ತಾಗಿಸುವುದು ನಿಜವಾದ ಉಳಿತಾಯ.

ಚಳಿಗಾಲದ ಬಿಲ್ಲು ಹೆದರಿಸುತ್ತದೆ. ಹೇಗೆ ಹಿಡಿತದಲ್ಲಿಡುವುದು?

ಮೊದಲು ಮನೆ ಬಿಸಿಯಾಗುವುದು ಗ್ಯಾಸಿನಿಂದಲೋ ಕರೆಂಟಿನಿಂದಲೋ ತಿಳಿಯಿರಿ, ಬಾಡಿಗೆಗೆ ಹಿಡಿಯುವ ಮುಂಚೆಯೇ. ಗ್ಯಾಸು ಯೂನಿಟ್ಟಿಗೆ ಸುಮಾರು 6 ಪೆನ್ಸ್, ಕರೆಂಟು ಸುಮಾರು 26 ಪೆನ್ಸ್. 2 ಕಿಲೋವ್ಯಾಟಿನ ಫ್ಯಾನ್ ಹೀಟರನ್ನು ದಿನಕ್ಕೆ 5 ಗಂಟೆ ಹಚ್ಚಿದರೆ 10 ಯೂನಿಟ್, 2.60 ಪೌಂಡ್, ತಿಂಗಳಿಗೆ ಒಂದೇ ರೂಮಿಗೆ 78 ಪೌಂಡ್. ಹೊಸದಾಗಿ ಬಂದವರು ರೇಡಿಯೇಟರ್ (ಬಿಸಿನೀರು ಹರಿದು ರೂಮು ಬಿಸಿ ಮಾಡುವ ಗೋಡೆಯ ಫಲಕ) ಬಿಟ್ಟು ಅಂಗಡಿಯ ಇಪ್ಪತ್ತು ಪೌಂಡಿನ ಹೀಟರ್ ತರುವುದು ಇಲ್ಲಿ ದುಬಾರಿ ತಪ್ಪು. ಏನೂ ಬಳಸದಿದ್ದರೂ ಗ್ಯಾಸಿಗೂ ಕರೆಂಟಿಗೂ ದಿನದ ನಿಗದಿ ಶುಲ್ಕ ಇದೆ. ಎರಡೂ ಸೇರಿ ಮನೆಗೆ ತಿಂಗಳಿಗೆ ಸುಮಾರು 26 ಪೌಂಡ್. ನಿಯಂತ್ರಣ ಸಂಸ್ಥೆ ಆಫ್‌ಜೆಮ್ ಪ್ರತಿ ಮೂರು ತಿಂಗಳಿಗೊಮ್ಮೆ ಪ್ರಕಟಿಸುವ ಮಿತಿ ಯೂನಿಟ್ ದರಕ್ಕೆ, ನಿಮ್ಮ ಬಿಲ್ಲಿನ ಮೊತ್ತಕ್ಕಲ್ಲ.

ನೀರಿನ ಟ್ಯಾಂಕ್ ಇಲ್ಲದ ಕಾಂಬಿ ಬಾಯ್ಲರ್ ಇದ್ದರೆ ರೇಡಿಯೇಟರಿಗೆ ಹೋಗುವ ನೀರಿನ ತಾಪವನ್ನು 60 ಡಿಗ್ರಿಗೆ ಇಳಿಸಿ. ಮನೆ ನಿಧಾನವಾಗಿ ಬಿಸಿಯಾದರೂ ಗ್ಯಾಸು ಕಡಿಮೆ ಸಾಕು. ಯಾರೂ ಇಲ್ಲದ ರೂಮಿನ ರೇಡಿಯೇಟರ್ ತಿರುಗಣಿಯನ್ನು ಕನಿಷ್ಠಕ್ಕೆ ಇಡಿ. ಕರೆಂಟಿನ ಶವರ್ ಇದ್ದರೆ ಹತ್ತು ನಿಮಿಷದ ಸ್ನಾನಕ್ಕೆ ಸುಮಾರು ಒಂದೂವರೆ ಯೂನಿಟ್, 40 ಪೆನ್ಸ್. ನಾಲ್ಕು ಜನರ ಮನೆಯಲ್ಲಿ ಇದು ಸಣ್ಣ ಮೊತ್ತವಲ್ಲ.

ಒದ್ದೆ ಬಟ್ಟೆಯನ್ನು ರೇಡಿಯೇಟರ್ ಮೇಲೆ ಹರವಿ ಕಿಟಕಿ ಮುಚ್ಚಿದರೆ ಆ ನೀರೆಲ್ಲ ಗೋಡೆಗೆ ಕೂತು ಕಪ್ಪು ಬೂಷ್ಟಾಗುತ್ತದೆ. ಉಸಿರಾಟಕ್ಕೂ ಕೆಟ್ಟದ್ದು, ಡಿಪಾಸಿಟ್‌ಗೂ ಕೆಟ್ಟದ್ದು. ಬಟ್ಟೆ ಒಣಗಿಸುವ 300 ವ್ಯಾಟಿನ ಬಿಸಿ ಸ್ಟ್ಯಾಂಡನ್ನು ಆರು ಗಂಟೆ ಹಚ್ಚಿದರೆ 50 ಪೆನ್ಸ್ ಒಳಗೇ ಆಗುತ್ತದೆ. ಕಿಟಕಿಯನ್ನು ಬೆರಳಷ್ಟು ತೆರೆದಿಡಿ.

ಕೌನ್ಸಿಲ್ ಟ್ಯಾಕ್ಸ್ ವಿದ್ಯಾರ್ಥಿಗಳಿಗೂ ಇದೆಯೇ?

ಮನೆಯಲ್ಲಿರುವವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಇಲ್ಲ. ಆದರೆ ತಾನಾಗಿ ಮನ್ನಾ ಆಗುವುದಿಲ್ಲ. ವಿಶ್ವವಿದ್ಯಾಲಯದ ಪ್ರಮಾಣಪತ್ರವನ್ನು ಕೌನ್ಸಿಲ್ಲಿಗೆ ಕಳಿಸಬೇಕು. ಉಳಿದವರೆಲ್ಲ ವಿದ್ಯಾರ್ಥಿಗಳಾಗಿ ಒಬ್ಬರು ಮಾತ್ರ ಕೆಲಸಕ್ಕೆ ಹೋಗುವವರಾದರೆ ಬಿಲ್ಲು ಶೇ. 25 ಕಡಿಮೆಯಾಗಿ ಬರುತ್ತದೆ, ಕಟ್ಟುವ ಹೊಣೆ ಅವರದು. ಹಾಗಾಗಿ ಇಂಥ ಮನೆ ಸೇರುವ ಮುಂಚೆ ಆ ಖರ್ಚು ಯಾರದ್ದೆಂದು ಮಾತಾಡಿಕೊಳ್ಳಿ. ಕೋರ್ಸು ಮುಗಿದ ದಿನಾಂಕಕ್ಕೆ ವಿನಾಯಿತಿಯೂ ಮುಗಿಯುತ್ತದೆ. ಕೆಲಸ ಹುಡುಕುತ್ತಾ ಉಳಿಯುವವರು ಆ ತಿಂಗಳುಗಳಿಗೆ ಹಣ ಎತ್ತಿಡಿ.

ಟಿ.ವಿ. ಇಲ್ಲ. ಲೈಸೆನ್ಸ್ ಬೇಕೇ?

ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಟಿ.ವಿ. ವಾಹಿನಿಯ ನೇರಪ್ರಸಾರ ನೋಡಿದರೂ, ಬಿಬಿಸಿ ಐಪ್ಲೇಯರ್ (ಬಿಬಿಸಿಯ ಆನ್‌ಲೈನ್ ಸೇವೆ) ಬಳಸಿದರೂ ಬೇಕು, ವರ್ಷಕ್ಕೆ 174.50. ವಾಹಿನಿಯಲ್ಲಿ ಬರುವ ಐಪಿಎಲ್ ಪಂದ್ಯವನ್ನು ನೇರವಾಗಿ ನೋಡುವುದೂ ಇದರಲ್ಲಿ ಸೇರಿತು. ಐಪ್ಲೇಯರ್ ಬಿಟ್ಟು ಬೇರೆ ಕಡೆ ಹಳೆಯ ಕಾರ್ಯಕ್ರಮ, ಸಿನಿಮಾ ಮಾತ್ರ ನೋಡುವವರಿಗೆ ಬೇಡ. ಆದರೆ ಬೇಡವೆಂದು ಟಿ.ವಿ. ಲೈಸೆನ್ಸಿನವರ ತಾಣದಲ್ಲಿ ತಿಳಿಸಿಬಿಡಿ, ಲೈಸೆನ್ಸ್ ಕೊಳ್ಳಿ ಎಂದು ಮನೆಗೆ ಬರುವ ಪತ್ರಗಳು ನಿಲ್ಲುತ್ತವೆ.

ದಿನಸಿ ಎಲ್ಲಿ, ಹೇಗೆ?

ಎರಡು ಕಡೆ ಕೊಳ್ಳಿ. ಹಾಲು, ಬ್ರೆಡ್ಡು, ಮೊಟ್ಟೆ, ಆಲೂಗಡ್ಡೆ, ಕ್ಯಾರೆಟ್, ಹೆಪ್ಪುಗಟ್ಟಿಸಿದ ಬಟಾಣಿ-ಪಾಲಕ್ ಇವಕ್ಕೆ ಆಲ್ಡಿ ಅಥವಾ ಲಿಡ್ಲ್ ಎಂಬ ಅಗ್ಗದ ಸೂಪರ್‌ಮಾರ್ಕೆಟ್ಟುಗಳು. ಅಕ್ಕಿ, ಬೇಳೆ, ರಾಗಿಹಿಟ್ಟು, ಮೆಣಸಿನಪುಡಿ, ಹುಣಸೆ, ಕೊತ್ತಂಬರಿ, ಕರಿಬೇವು, ತುರಿದ ಫ್ರೋಜನ್ ತೆಂಗಿನಕಾಯಿ ಇವಕ್ಕೆ ತಿಂಗಳಿಗೊಮ್ಮೆ ಟೂಟಿಂಗ್, ಈಸ್ಟ್ ಹ್ಯಾಮ್, ವೆಂಬ್ಲಿ, ಸೌತಾಲ್ ಅಥವಾ ಹ್ಯಾರೋ ಕಡೆಯ ನಮ್ಮವರ ಅಂಗಡಿಗಳು. ದಕ್ಷಿಣದ ಸಾಮಾನಿಗೆ ಟೂಟಿಂಗ್, ಈಸ್ಟ್ ಹ್ಯಾಮ್ ಒಳ್ಳೆಯದು. ಸೋನಾ ಮಸೂರಿ 10 ಕೆ.ಜಿ. ಚೀಲ ಒಬ್ಬರಿಗೆ ಮೂರು ತಿಂಗಳು ಸುಲಭವಾಗಿ ಬರುತ್ತದೆ. ಸೂಪರ್‌ಮಾರ್ಕೆಟ್ಟಿನ ಒಂದು ಕೆ.ಜಿ. ಪೊಟ್ಟಣಗಳಲ್ಲಿ ಅದೇ ಅಕ್ಕಿಗೆ ಹೆಚ್ಚು ತೆರುತ್ತೀರಿ. ಕರಿಬೇವು ತೊಳೆದು, ಪೂರ್ತಿ ಒರೆಸಿ, ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿ. ನೀರಿನ ಪಸೆ ಉಳಿದರೆ ಒಗ್ಗರಣೆಯಲ್ಲಿ ಸಿಡಿಯುತ್ತದೆ.

ಟೆಸ್ಕೊ, ಸೇನ್ಸ್‌ಬರೀಸ್‌ಗಳಲ್ಲಿ ಸದಸ್ಯ ಕಾರ್ಡು ಉಚಿತ. ಕಾರ್ಡಿಲ್ಲದಿದ್ದರೆ ಅದೇ ಸಾಮಾನಿಗೆ ಹೆಚ್ಚು ದರ. ಬೀದಿ ಮೂಲೆಯ ಪುಟ್ಟ ಟೆಸ್ಕೊ ಎಕ್ಸ್‌ಪ್ರೆಸ್‌ನಲ್ಲಿ ದೊಡ್ಡ ಟೆಸ್ಕೊಗಿಂತ ಬೆಲೆ ಜಾಸ್ತಿ. ಬೆಲೆಚೀಟಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಕೆ.ಜಿ.ಗೆ ಎಷ್ಟೆಂದು ಇರುತ್ತದೆ, ಅದನ್ನೇ ಹೋಲಿಸಿ. ಸಂಜೆ ಹಳದಿ ಚೀಟಿ ಅಂಟಿಸಿ ಇಳಿಸಿದ ಬ್ರೆಡ್ಡು, ತರಕಾರಿ, ಮೊಸರು ಧೈರ್ಯವಾಗಿ ಕೊಂಡು ಅಂದೇ ಬಳಸಿ ಅಥವಾ ಫ್ರೀಜರಿಗೆ ಹಾಕಿ. ಕಾಲೇಜಿನ ಹತ್ತಿರ ಸ್ಯಾಂಡ್‌ವಿಚ್-ಪಾನೀಯದ ಜೋಡಿ ಸುಮಾರು 4 ಪೌಂಡ್. ತಿಂಗಳಿಗೆ 20 ದಿನಕ್ಕೆ 80. ಮನೆಯಿಂದ ಡಬ್ಬಿ ಒಯ್ದು ಕ್ಯಾಂಪಸ್ಸಿನ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿಕೊಂಡರೆ ಅದರ ಕಾಲುಭಾಗವೂ ಆಗದು.

ಊರಿಂದ ಏನು ತರಬೇಕು?

3 ಲೀಟರಿನ ಇಂಡಕ್ಷನ್ ತಳದ ಕುಕ್ಕರ್, ಅದಕ್ಕೆ ಎರಡು ಗ್ಯಾಸ್ಕೆಟ್ ಮತ್ತು ಒಂದು ಸೇಫ್ಟಿ ವಾಲ್ವ್ ಹೆಚ್ಚುವರಿ. ನಿಮ್ಮ ಅಳತೆಯ ಗ್ಯಾಸ್ಕೆಟ್ ಇಲ್ಲಿ ಸಿಗದೆ ಒಳ್ಳೆಯ ಕುಕ್ಕರ್ ಮೂಲೆ ಸೇರುತ್ತದೆ. ಮಿಕ್ಸಿ ತರಬಹುದು, ವೋಲ್ಟೇಜ್ ಒಂದೇ, ಪ್ಲಗ್ ಮಾತ್ರ ಬೇರೆ, 13 ಆಂಪಿಯರಿನ ಫ್ಯೂಸ್ ಇರುವ ಅಡಾಪ್ಟರ್ ಬಳಸಿ. ದುವೆ, ದಿಂಬು, ತಟ್ಟೆ-ಲೋಟ ತರಬೇಡಿ, ಇಲ್ಲೇ ಅಗ್ಗ. ಇಡ್ಲಿ ಹಿಟ್ಟು ಚಳಿಗೆ ಹುದುಗದಿದ್ದರೆ ಓವನ್ ಹಚ್ಚದೆ ಅದರ ಒಳಗಿನ ದೀಪ ಮಾತ್ರ ಹಾಕಿ ರಾತ್ರಿಯಿಡೀ ಇಡಿ. ಒಗ್ಗರಣೆ ಹಾಕುವಾಗ ಚಿಮಣಿ ಫ್ಯಾನ್ ಹಚ್ಚಿ, ಅಡುಗೆಮನೆಯ ಬಾಗಿಲು ಮುಚ್ಚಿ. ಹೊಗೆಗೆ ಅಲಾರಂ ಹೊಡೆದರೆ ಹಾಸ್ಟೆಲಿನವರೆಲ್ಲ ಚಳಿಯಲ್ಲಿ ಹೊರಗೆ ನಿಲ್ಲಬೇಕಾಗುತ್ತದೆ.

ಆಸ್ಪತ್ರೆಗೆ ಖರ್ಚು ಎತ್ತಿಡಬೇಕೇ?

ವೀಸಾ ಜೊತೆ ಆರೋಗ್ಯ ಶುಲ್ಕ (ವಿದ್ಯಾರ್ಥಿಗೆ ವರ್ಷಕ್ಕೆ 776 ಪೌಂಡ್) ಕಟ್ಟಿರುವುದರಿಂದ ವೈದ್ಯರಿಗೂ ಆಸ್ಪತ್ರೆಗೂ ಬೇರೆ ಹಣವಿಲ್ಲ. ವೈದ್ಯರು ಬರೆದ ಒಂದೊಂದು ಔಷಧಿಗೆ 9.90. ಮೂರು ತಿಂಗಳಲ್ಲಿ ನಾಲ್ಕು ಔಷಧಿ ಬೇಕಾಗುವವರು 32.05ರ ಮುಂಗಡ ಪ್ರಮಾಣಪತ್ರ ಕೊಳ್ಳಿ. ಹಲ್ಲಿನ ಚಿಕಿತ್ಸೆ ಉಚಿತವಲ್ಲ, ಬರೀ ತಪಾಸಣೆಗೇ ಎನ್‌ಎಚ್‌ಎಸ್‌ನಲ್ಲಿ (ಸರ್ಕಾರಿ ಆರೋಗ್ಯ ಸೇವೆ) 27.40. ಹಲ್ಲು, ಕನ್ನಡಕ ಎರಡನ್ನೂ ಊರಿನಲ್ಲೇ ಮುಗಿಸಿ ಬನ್ನಿ. ಜ್ವರದ ಪ್ಯಾರಾಸಿಟಮಾಲ್ ಸೂಪರ್‌ಮಾರ್ಕೆಟ್ಟಿನ ಸ್ವಂತ ಹೆಸರಿನದ್ದು ಒಂದು ಪೌಂಡಿಗೂ ಕಡಿಮೆ. ಹೆಸರಾಂತ ಬ್ರಾಂಡಿನದ್ದರಲ್ಲೂ ಅದೇ ಔಷಧ.

ಅರೆಕಾಲಿಕ ಕೆಲಸದಿಂದ ಬಾಡಿಗೆ ಕಟ್ಟಬಹುದೇ?

ಅದನ್ನು ನಂಬಿ ಬರಬೇಡಿ. ಪದವಿ ಮತ್ತು ಮೇಲಿನ ಕೋರ್ಸಿನವರಿಗೆ ತರಗತಿಗಳಿರುವಾಗ ವಾರಕ್ಕೆ 20 ಗಂಟೆ ಮಿತಿ. ಸೋಮವಾರದಿಂದ ಭಾನುವಾರದ ಯಾವ ವಾರದಲ್ಲೂ ದಾಟುವಂತಿಲ್ಲ, ಎರಡು ವಾರದ ಸರಾಸರಿ ನಡೆಯುವುದಿಲ್ಲ. 21 ತುಂಬಿದವರಿಗೆ ಕನಿಷ್ಠ ಕೂಲಿ ಗಂಟೆಗೆ 12.21, 2026ರ ಏಪ್ರಿಲ್‌ನಿಂದ 12.71. ಪೂರ್ತಿ 20 ಗಂಟೆ ಸಿಕ್ಕರೆ ತಿಂಗಳಿಗೆ ಸಾವಿರದಷ್ಟು ಬರಬಹುದು, ಆದರೆ ಪೂರ್ತಿ ಗಂಟೆ ಸಿಗದ ವಾರಗಳೇ ಹೆಚ್ಚು. ಬಾಡಿಗೆ ಉಳಿತಾಯದಿಂದ, ದಿನಸಿ-ಓಡಾಟ ಗಳಿಕೆಯಿಂದ ಎಂದು ವಿಭಾಗಿಸಿಕೊಳ್ಳಿ.

ಊರಿನ ಕಾರ್ಡನ್ನೇ ಬಳಸಬಹುದೇ? ಹಣ ತರಿಸುವುದು ಹೇಗೆ?

ಮೊದಲ ವಾರಕ್ಕೆ ಸರಿ. ಭಾರತದ ಬಹುತೇಕ ಕಾರ್ಡುಗಳು ವಿದೇಶಿ ಖರ್ಚಿಗೆ ಶೇ. 3.5ರ ಆಸುಪಾಸು ಶುಲ್ಕ, ಅದರ ಮೇಲೆ ಜಿಎಸ್‌ಟಿ ಹಿಡಿಯುತ್ತವೆ. ಯಂತ್ರ ರೂಪಾಯಿಯೋ ಪೌಂಡೋ ಎಂದು ಕೇಳಿದರೆ ಪೌಂಡ್ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರದಲ್ಲಿ ಇನ್ನೊಂದು ಪೆಟ್ಟು. ಇಲ್ಲಿ ಖಾತೆ ತೆರೆದೊಡನೆ ಅದಕ್ಕೇ ತರಿಸಿ. ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೇಲೆ ಭಾರತದ ಬ್ಯಾಂಕು ಟಿಸಿಎಸ್ (ಹಣ ಕಳಿಸುವಾಗಲೇ ಮುಂಗಡವಾಗಿ ಹಿಡಿಯುವ ತೆರಿಗೆ) ಹಿಡಿಯುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದ್ದಕ್ಕೆ ಇಲ್ಲ. ಹಿಡಿದದ್ದು ಕಳಿಸಿದವರ ಪ್ಯಾನ್ ಲೆಕ್ಕದಲ್ಲಿರುತ್ತದೆ, ರಿಟರ್ನ್ಸ್ ಸಲ್ಲಿಸುವಾಗ ವಾಪಸು ಕೇಳಬಹುದು. ಹಣ ಕಳಿಸುವ ಅಪ್ಪ-ಅಮ್ಮನಿಗೆ ಇದನ್ನು ಮೊದಲೇ ಹೇಳಿ, ಆ ದುಡ್ಡು ಕೆಲವು ತಿಂಗಳು ಕೈಗೆ ಬಾರದು.

ಲೆಕ್ಕ ಇಡುವ ಸುಲಭ ವಿಧಾನ?

ಹಣ ಬಂದ ದಿನವೇ ಬಾಡಿಗೆ, ಬಿಲ್ಲು, ಫೋನುಗಳಿಗೆ ಬೇಕಾದ್ದನ್ನು ಪಕ್ಕಕ್ಕೆ ತೆಗೆದಿಡಿ; ಮಾಂಜೊ, ಸ್ಟಾರ್ಲಿಂಗ್‌ನಂಥ ಬ್ಯಾಂಕುಗಳ ಆ್ಯಪಿನಲ್ಲಿ ಇದಕ್ಕೆಂದೇ ಬೇರೆ ಖಾನೆಗಳಿವೆ. ಉಳಿದದ್ದನ್ನು ವಾರಕ್ಕೆ ಹಂಚಿ ಪ್ರತಿ ಸೋಮವಾರ ಖರ್ಚಿನ ಖಾತೆಗೆ ಹಾಕಿ. ಪ್ರಯಾಣದ ವಾರವೂ ಸೋಮವಾರವೇ ಶುರುವಾಗುವುದರಿಂದ ಎರಡೂ ತಾಳೆಯಾಗುತ್ತವೆ. ತಾನಾಗಿ ಕಡಿತವಾಗುವ ಬಿಲ್ಲುಗಳನ್ನೆಲ್ಲ ಸಂಬಳ ಅಥವಾ ಹಣ ಬಂದ ಮಾರನೆಯ ದಿನಕ್ಕೆ ಬದಲಿಸಿಕೊಳ್ಳಿ, ಬಹಳಷ್ಟು ಕಂಪನಿಗಳು ಕೇಳಿದರೆ ಬದಲಿಸಿಕೊಡುತ್ತವೆ.

ಹಣ ನಿಜಕ್ಕೂ ಮುಗಿದುಹೋದರೆ?

ಬಾಡಿಗೆ ತಪ್ಪುವ ಮುಂಚೆಯೇ ವಿಶ್ವವಿದ್ಯಾಲಯದ ವಿದ್ಯಾರ್ಥಿ ನೆರವು ಕಚೇರಿಗೆ ಹೋಗಿ. ಕಷ್ಟಕ್ಕೆಂದೇ ನಿಧಿ ಇಟ್ಟಿರುವ ವಿಶ್ವವಿದ್ಯಾಲಯಗಳು ಬಹಳ, ಕೆಲವು ವಿದೇಶಿ ವಿದ್ಯಾರ್ಥಿಗಳಿಗೂ ಕೊಡುತ್ತವೆ. ಗ್ಯಾಸ್-ಕರೆಂಟು ಕಂಪನಿಗೆ ಫೋನು ಮಾಡಿ ಕಂತು ಕೇಳಿ. ನಿಮ್ಮ ವೀಸಾದಲ್ಲಿ ಸರ್ಕಾರಿ ಭತ್ಯೆ ಪಡೆಯುವಂತಿಲ್ಲ, ಆದರೆ ದಾನಿಗಳು ನಡೆಸುವ, ಉಚಿತ ದಿನಸಿ ಕೊಡುವ ಫುಡ್ ಬ್ಯಾಂಕ್ ಆ ಭತ್ಯೆಗಳ ಪಟ್ಟಿಯಲ್ಲಿಲ್ಲ, ಕೌನ್ಸಿಲ್ ಟ್ಯಾಕ್ಸಿನ ವಿದ್ಯಾರ್ಥಿ ವಿನಾಯಿತಿಯೂ ಆ ಪಟ್ಟಿಯಲ್ಲಿಲ್ಲ. ಅವನ್ನು ಪಡೆದರೆ ವೀಸಾಗೆ ತೊಂದರೆಯಿಲ್ಲ. ದಿನಗಳ ಲೆಕ್ಕದಲ್ಲಿ ಬಡ್ಡಿ ಹಾಕುವ ಕಿರುಸಾಲದ ಆ್ಯಪುಗಳನ್ನು ಮುಟ್ಟಬೇಡಿ. 20 ಗಂಟೆ ಮೀರಿ ನಗದಿಗೆ ದುಡಿಸಿಕೊಳ್ಳುತ್ತೇವೆ ಎನ್ನುವವರ ಕೆಲಸ ಒಪ್ಪಬೇಡಿ. ಸಿಕ್ಕಿಬಿದ್ದರೆ ವೀಸಾವೇ ಹೋಗುತ್ತದೆ, ಕಟ್ಟಿದ ಫೀಸೂ ಅದರ ಜೊತೆ ಹೋಗುತ್ತದೆ.